ಗಾಲ್ಫ್ ಆಟ ಐದು ಗಂಟೆ ಹಿಡಿಯುವುದೇಕೆ?

ಮಾನ್ಯ ಸಂಪಾದಕರೇ,

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದ ಮೇಲೆ ಕನ್ನಡ ಪತ್ರಿಕೆಗಳ ಕ್ರೀಡಾ ಪುಟದಲ್ಲಿ ಗಾಲ್ಫ್‌ಗೂ ಒಂದಿಷ್ಟು ಜಾಗ ಸಿಗುತ್ತಿದೆ. ಆ ಜಾಗವೆಲ್ಲ ಸ್ಕೋರಿಗೇ ಮೀಸಲು. ಆಡುವವರನ್ನು ಕೇಳಿ ನೋಡಿದರೆ ಮೊದಲು ಬರುವ ದೂರೇ ಬೇರೆ: ಆಟ ಮುಗಿಯುವುದೇ ಇಲ್ಲ. ನಾಲ್ವರ ತಂಡಕ್ಕೆ 18 ಹೋಲ್ (ಚೆಂಡು ಹಾಕಬೇಕಾದ ಕುಳಿ, ಅಲ್ಲಿಯವರೆಗಿನ ಅಂಕಣ) ಮುಗಿಸಲು ನಾಲ್ಕು, ಹೆಚ್ಚೆಂದರೆ ನಾಲ್ಕೂಕಾಲು ಗಂಟೆ ಸಾಕು. ಭಾನುವಾರ ಅದು ಸಲೀಸಾಗಿ ಐದನ್ನು ದಾಟುತ್ತದೆ. ಆಗ ಬೈಗುಳ ತಿನ್ನುವವರು ಹೊಸಬರು, ವಯಸ್ಸಾದವರು, ಮಹಿಳೆಯರು. ಯಾರೂ ಸಿಗದಿದ್ದರೆ ಬ್ಯಾಗು ಹೊರುವ ಕ್ಯಾಡಿಗಳು. ಇವರಲ್ಲಿ ಯಾರ ಮೇಲೂ ಗೂಬೆ ಕೂರಿಸುವ ಮೊದಲು ಕ್ಲಬ್ ಸಮಿತಿಗಳು ತಮ್ಮ ಟೀ ಟೈಮ್ ಹಾಳೆಯನ್ನು (ಯಾವ ತಂಡ ಎಷ್ಟು ಹೊತ್ತಿಗೆ ಆಟ ಶುರುಮಾಡಬೇಕೆಂಬ ಪಟ್ಟಿಯನ್ನು) ಒಮ್ಮೆ ನೋಡಿಕೊಳ್ಳಬೇಕು.

ಪಾರ್ 4, ಪಾರ್ 5 (ನಾಲ್ಕು, ಐದು ಹೊಡೆತದಲ್ಲಿ ಮುಗಿಸಬೇಕಾದ) ಹೋಲ್‌ಗಳು ಉದ್ದವಾಗಿರುವುದರಿಂದ ಒಂದೇ ಹೋಲ್‌ನಲ್ಲಿ ಎರಡು ತಂಡ ಆಡಬಹುದು. ಮುಂದಿನವರು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಹತ್ತಿರ ಹೋದರೆ ಹಿಂದಿನವರು ಟೀಯಿಂದ, ಅಂದರೆ ಮೊದಲ ಹೊಡೆತದ ಜಾಗದಿಂದ, ಹೊಡೆಯುತ್ತಾರೆ. ಪಾರ್ 3ರಲ್ಲಿ ಈ ಅನುಕೂಲವಿಲ್ಲ. ಮುಂದಿನವರು ಕೊನೆಯ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಮುಗಿಸಿ ಗ್ರೀನ್ ಬಿಡುವವರೆಗೆ ಟೀಯಲ್ಲಿ ನಿಂತವರು ಕೈಕಟ್ಟಿಕೊಂಡು ಕಾಯಬೇಕು. ನಾಲ್ವರ ಟೀ ಹೊಡೆತಕ್ಕೆ ಮೂರು ನಿಮಿಷ, 150 ಮೀಟರ್ ನಡೆಯಲು ಎರಡು, ಚಿಪ್ (ಗ್ರೀನ್ ಹತ್ತಿರದ ಗಿಡ್ಡ ಹೊಡೆತ) ಮತ್ತು ಬಂಕರಿಗೆ (ಮರಳು ಗುಂಡಿಗೆ) ಎರಡು, ಪಟ್‌ಗಳಿಗೆ ಮೂರು: ಒಟ್ಟು ಹತ್ತು ನಿಮಿಷ. ಇದು ಚುರುಕಾಗಿ ಆಡುವವರ ಲೆಕ್ಕ. ಆದರೆ ಸ್ಟಾರ್ಟರ್ ಮೊದಲ ಟೀಯಿಂದ ಏಳು ನಿಮಿಷಕ್ಕೊಂದು ತಂಡವನ್ನು ಬಿಡುತ್ತಿದ್ದರೆ ಎರಡನೇ ತಂಡ ಪಾರ್ 3ರಲ್ಲಿ ಮೂರು ನಿಮಿಷ ಕಾಯುತ್ತದೆ, ಮೂರನೆಯದು ಆರು ನಿಮಿಷ, ಹತ್ತನೆಯದು 27 ನಿಮಿಷ. ಇಷ್ಟರಲ್ಲಿ ಯಾರೊಬ್ಬರೂ ನಿಧಾನವಾಗಿ ಆಡಿಲ್ಲ ಎಂಬುದನ್ನು ಗಮನಿಸಬೇಕು.

ಅಂತರವನ್ನು ಹತ್ತು ನಿಮಿಷಕ್ಕೆ ಏರಿಸಿ ಎಂದರೆ ಸಮಿತಿಯವರು ಹೌಹಾರುತ್ತಾರೆ. ಎರಡು ಗಂಟೆಯಲ್ಲಿ 17 ತಂಡ ಹೊರಡುತ್ತಿದ್ದದ್ದು 12ಕ್ಕೆ ಇಳಿಯುತ್ತದೆ, ಇಪ್ಪತ್ತು ಸದಸ್ಯರಿಗೆ ಬೆಳಗಿನ ಸ್ಲಾಟ್ ಇಲ್ಲ ಎಂದು. ಆದರೆ ಪಾರ್ 3ರಿಂದ ಹತ್ತು ನಿಮಿಷಕ್ಕೊಂದು ತಂಡವೇ ಹೊರಬೀಳುವುದಾದರೆ, ಮೊದಲ ಟೀಯಲ್ಲಿ ಎಷ್ಟು ತಂಡ ಬಿಟ್ಟರೂ ಎರಡು ಗಂಟೆಗೆ ದಾಟುವುದು ಹನ್ನೆರಡೇ. ಉಳಿದ ಐದು ತಂಡಗಳಿಗೆ ಸಮಿತಿ ಕೊಟ್ಟದ್ದು ಬಿಸಿಲಿನಲ್ಲಿ ನಿಲ್ಲುವ ಅವಕಾಶ ಮಾತ್ರ. ಒಮ್ಮೆಗೇ ಹತ್ತು ಆಗದಿದ್ದರೆ ಒಂಬತ್ತಾದರೂ ಮಾಡಲಿ, ಗಂಟೆಗೊಂದು ಸ್ಲಾಟನ್ನು ಖಾಲಿ ಬಿಡಲಿ. ಬೆಳೆದ ಸಾಲು ಕರಗುವುದು ಆ ಖಾಲಿ ಜಾಗದಲ್ಲೇ. 1 ಮತ್ತು 10ನೇ ಟೀ ಎರಡರಿಂದಲೂ ಆಟ ಶುರುಮಾಡುವ ಕ್ಲಬ್‌ಗಳಿಗೆ ಇನ್ನೊಂದು ಎಚ್ಚರ ಬೇಕು. 1ರಿಂದ ಹೊರಟ ಮೊದಲ ತಂಡ ಒಂಬತ್ತು ಹೋಲ್ ಮುಗಿಸಿ ಬರುವ ಹೊತ್ತಿಗೆ 10ನೇ ಟೀಯ ಹಾಳೆ ಖಾಲಿಯಾಗಿರಬೇಕು. ಇಲ್ಲದಿದ್ದರೆ ಆ ಬೆಳಗಿನ ಅತಿ ಚುರುಕಿನ ತಂಡಕ್ಕೇ ಶಿಕ್ಷೆ.

ಪಾರ್ 3ರಲ್ಲಿ ಸಾಲು ಬೆಳೆದಾಗಿದ್ದರೆ ‘ಕಾಲ್ ಅಪ್’ ಮಾಡಬಹುದು. ಮುಂದಿನ ತಂಡ ಗ್ರೀನ್ ತಲುಪಿ ಚೆಂಡುಗಳನ್ನು ಮಾರ್ಕ್ ಮಾಡಿ (ಜಾಗದಲ್ಲಿ ಗುರುತಿಟ್ಟು ಎತ್ತಿಕೊಂಡು), ಬದಿಗೆ ಸರಿದು, ಹಿಂದಿನವರಿಗೆ ಕೈ ಬೀಸಿ ಹೊಡೆಯಲು ಹೇಳುತ್ತದೆ. ಅವರು ನಡೆದು ಬರುವಷ್ಟರಲ್ಲಿ ಇವರ ಪಟ್ ಮುಗಿಯುತ್ತದೆ. ತಂಡಕ್ಕೆ ಸುಮಾರು ಎರಡು ನಿಮಿಷ ಉಳಿತಾಯ. ಹಿಂದೆ ಯಾರೂ ಕಾಯದಿರುವಾಗ ಇದನ್ನು ಮಾಡಿದರೆ ನಷ್ಟವೇ. ಕೈ ಬೀಸಿದ ಮೇಲೆ ಕಣ್ಣು ಟೀಯ ಕಡೆಗಿರಲಿ, ಫೋನಿನ ಕಡೆಗಲ್ಲ.

ಇನ್ನು ಆಟಗಾರರ ಪಾಲಿನದು. 90 ಹೊಡೆತದಲ್ಲಿ ಮುಗಿಸುವ ನಾಲ್ವರು ಸೇರಿ 360 ಸಲ ಹೊಡೆಯುತ್ತಾರೆ. ಒಂದೊಂದಕ್ಕೂ ಹತ್ತು ಸೆಕೆಂಡು ಹೆಚ್ಚು ತೆಗೆದುಕೊಂಡರೆ ಸರಿಯಾಗಿ ಒಂದು ಗಂಟೆ. ಸ್ವಿಂಗನ್ನು ಅವಸರ ಮಾಡಬೇಕೆಂದು ಯಾರೂ ಹೇಳುತ್ತಿಲ್ಲ, ಸ್ವಿಂಗಿಗೆ ಹಿಡಿಯುವುದು ಎರಡು ಸೆಕೆಂಡು. ಸಮಯ ಹೋಗುವುದು ಸರದಿ ಬಂದ ಮೇಲೆ ದೂರ ಅಳೆದು, ಗಾಳಿ ನೋಡಿ, ಕ್ಯಾಡಿಯ ಹತ್ತಿರ ಏಳನೇ ನಂಬರಿನ ದಾಂಡೋ ಎಂಟರದೋ ಎಂದು ಚರ್ಚಿಸಿ, ಆಮೇಲೆ ಗ್ಲೌಸ್ ಹಾಕಿಕೊಳ್ಳುವುದರಲ್ಲಿ. ಇವೆಲ್ಲ ಪಕ್ಕದವರು ಹೊಡೆಯುವಾಗಲೇ ಸದ್ದಿಲ್ಲದೆ ಮುಗಿಯುವ ಕೆಲಸಗಳು. 2019ರ ಪರಿಷ್ಕೃತ ನಿಯಮಗಳು ಅಡ್ಡಿಯಿಲ್ಲದೆ ಆಡುವ ಸ್ಥಿತಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಿರಿ, ಸಾಧ್ಯವಿದ್ದರೆ ಇನ್ನೂ ಬೇಗ ಎನ್ನುತ್ತವೆ. ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟದಲ್ಲಿ) ಸುರಕ್ಷಿತವಾಗಿದ್ದರೆ ಸಿದ್ಧರಿರುವವರು ಮೊದಲು ಆಡಿ ಎಂಬ ‘ರೆಡಿ ಗಾಲ್ಫ್’ಗೂ ಅಲ್ಲಿ ಪ್ರೋತ್ಸಾಹವಿದೆ. ಆದರೂ ಸರದಿ ತಪ್ಪಿ ಆಡಿದರೆ ದಂಡವೆಂದು ನಂಬಿರುವ ಹಿರಿಯ ಸದಸ್ಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಬ್ಬರಿಗೆ ಲಾಭ ಮಾಡಿಕೊಡಲೆಂದೇ ಮಾತಾಡಿಕೊಂಡು ಸರದಿ ಬದಲಿಸಿದರೆ ಮಾತ್ರ ದಂಡ. ಮ್ಯಾಚ್ ಪ್ಲೇನಲ್ಲಿ (ಒಂದೊಂದು ಹೋಲ್‌ನ ಗೆಲುವು ಎಣಿಸುವ ಆಟದಲ್ಲಿ) ಎದುರಾಳಿ ಆ ಹೊಡೆತವನ್ನು ರದ್ದು ಮಾಡಿಸಬಹುದು, ಆದ್ದರಿಂದ ಅಲ್ಲಿ ಮೊದಲೇ ಒಪ್ಪಿಕೊಂಡು ಆಡಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನುಂಗುವುದು ಕಳೆದುಹೋದ ಚೆಂಡು. ಹುಡುಕಲು ಮೊದಲು ಐದು ನಿಮಿಷವಿತ್ತು, 2019ರಿಂದ ಮೂರು. ಚೆಂಡು ಸಿಗದಿದ್ದರೆ ಹಿಂದೆ ಹೊಡೆದ ಜಾಗಕ್ಕೇ ವಾಪಸ್ ಹೋಗಬೇಕು. 200 ಮೀಟರ್ ಹಿಂದಕ್ಕೆ ಎರಡೂವರೆ ನಿಮಿಷ, ಮತ್ತೆ ಮುಂದಕ್ಕೆ ಅಷ್ಟೇ, ಹುಡುಕಾಟದ ಮೂರು: ಎಂಟು ನಿಮಿಷ ಹೋಯಿತು. ಹಿಂದಿನ ತಂಡದ ಜೊತೆಗಿದ್ದ ಅಂತರ ಪೂರ್ತಿ ಕರಗಿತು ಎಂದೇ ಅರ್ಥ. ಚೆಂಡು ಮರದ ಕಡೆಗೋ ಗಡಿಯಾಚೆಗೋ ತಿರುಗಿದ ಅನುಮಾನ ಬಂದ ಕೂಡಲೇ, ಟೀ ಬಿಡುವ ಮೊದಲು ‘ಪ್ರಾವಿಷನಲ್’ (ತಾತ್ಕಾಲಿಕ ಚೆಂಡು) ಹೊಡೆಯಬೇಕು. ಆ ಮಾತನ್ನು ಬಾಯಿಬಿಟ್ಟು ಹೇಳಬೇಕು. ‘ಇನ್ನೊಂದು ಹೊಡೀತೀನಿ’ ಎಂದಷ್ಟೇ ಹೇಳಿದರೆ ಎರಡನೇ ಚೆಂಡೇ ಆಟದ ಚೆಂಡಾಗುತ್ತದೆ. ಮೊದಲನೆಯದು ಫೇರ್‌ವೇ (ಹುಲ್ಲು ಕತ್ತರಿಸಿದ ಹಾದಿ) ನಡುವೆ ಸಿಕ್ಕರೂ ಪ್ರಯೋಜನವಿಲ್ಲ. ಚೆಂಡು ಕೆರೆಗೆ ಬಿದ್ದದ್ದು ಖಚಿತವಿದ್ದರೆ ಪ್ರಾವಿಷನಲ್‌ಗೆ ಅವಕಾಶವೂ ಇಲ್ಲ, ಅಗತ್ಯವೂ ಇಲ್ಲ. ಹುಡುಕುವಾಗ ನಾಲ್ವರೂ ಪೊದೆಗೆ ನುಗ್ಗುವುದು ಮರ್ಯಾದೆ ಎಂದುಕೊಂಡಿದ್ದೇವೆ. ಇಬ್ಬರು ತಮ್ಮ ಹೊಡೆತ ಮುಗಿಸಿ ಆಮೇಲೆ ಸೇರಿಕೊಂಡರೆ ಚೆಂಡಿಗೂ ಒಳ್ಳೆಯದು, ಹಿಂದಿನವರಿಗೂ ಒಳ್ಳೆಯದು.

ಸ್ನೇಹದ ಆಟಗಳಿಗೆ ಸಮಿತಿ ಒಂದು ಸ್ಥಳೀಯ ನಿಯಮವನ್ನು ಜಾರಿ ಮಾಡಬಹುದು: ಚೆಂಡು ಕಳೆದರೆ ಎರಡು ಹೊಡೆತದ ದಂಡ ತೆತ್ತು (ಸ್ಕೋರಿಗೆ ಎರಡು ಹೊಡೆತ ಸೇರಿಸಿಕೊಂಡು), ಚೆಂಡು ಕಳೆದ ಜಾಗದ ನೇರಕ್ಕೆ, ಗ್ರೀನ್‌ಗೆ ಹತ್ತಿರವಾಗದಂತೆ, ಫೇರ್‌ವೇ ಬದಿಯಲ್ಲಿ ಚೆಂಡು ಡ್ರಾಪ್ ಮಾಡುವುದು (ಕೈಯಿಂದ ಕೆಳಗೆ ಬಿಡುವುದು). ವೃತ್ತಿಪರ ಟೂರ್ನಿಗಳಿಗೆ ಇದು ಹೇಳಿದ್ದಲ್ಲ, ಭಾನುವಾರದ ಆಟಕ್ಕೆ ಹೇಳಿ ಮಾಡಿಸಿದ್ದು. ಚಿಕ್ಕಮಗಳೂರು, ಕೊಡಗಿನ ಕಡೆ ಮಳೆಗಾಲದಲ್ಲಿ ರಫ್ (ಫೇರ್‌ವೇ ಬದಿಯ ಉದ್ದ ಹುಲ್ಲು) ಮೊಣಕಾಲಿಗೆ ಬಂದಾಗ ಬೇರೆ ದಾರಿಯೂ ಇರುವುದಿಲ್ಲ. ಫೇರ್‌ವೇಗೆ ತಾಗಿದ ಮೂರು ನಾಲ್ಕು ಮೀಟರ್ ರಫ್ಫನ್ನಾದರೂ ವಾರಾಂತ್ಯಕ್ಕೆ ಮೊದಲು ಕತ್ತರಿಸಿದರೆ ಅರ್ಧ ಹುಡುಕಾಟ ತಪ್ಪುತ್ತದೆ.

ಗ್ರೀನ್‌ನಲ್ಲಿ ಮಾಡಬೇಕಾದ್ದು ಚಿಕ್ಕಚಿಕ್ಕದು. ಬ್ಯಾಗು, ಬಗ್ಗಿಗಳು ಮುಂದಿನ ಟೀಯ ಬದಿಗೆ ನಿಲ್ಲಬೇಕು. ಗ್ರೀನ್ ಮುಂದೆ ಬಿಟ್ಟುಹೋದ ಬ್ಯಾಗಿಗಾಗಿ ವಾಪಸ್ ನಡೆಯುವ ಒಂದು ನಿಮಿಷ ಹದಿನೆಂಟು ಹೋಲ್‌ಗೂ ಸೇರಿಕೊಳ್ಳುತ್ತದೆ. ಬೇರೆಯವರು ಪಟ್ ಮಾಡುವಾಗಲೇ ನಮ್ಮ ಚೆಂಡು ಉರುಳುವ ದಾರಿಯನ್ನು ಓದಿಕೊಳ್ಳಬೇಕು. ಗೇಣುದ್ದ ಉಳಿದದ್ದನ್ನು ಮಾರ್ಕ್ ಮಾಡಿ ಕಾಯುವ ಬದಲು ಆಗಲೇ ಮುಗಿಸುವುದು ವಾಸಿ. ಬಾವುಟದ ಕೋಲು ತೆಗೆದು ಹಾಕುವ ನಾಟಕವೂ ಬೇಡ. ಗ್ರೀನ್‌ನಿಂದ ಹೊಡೆದ ಚೆಂಡು ಕೋಲಿಗೆ ತಗುಲಿದರೆ ಇದ್ದ ಎರಡು ಹೊಡೆತದ ದಂಡ 2019ರಲ್ಲೇ ಹೋಗಿದೆ. ಸ್ಕೋರ್ ಬರೆಯುವ ಜಾಗ ಮುಂದಿನ ಟೀ. ಸ್ಟೇಬಲ್‌ಫೋರ್ಡ್ (ಹೋಲ್‌ಗಿಷ್ಟು ಅಂಕ ಕೊಡುವ ಆಟ) ಆಡುವಾಗ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟಕ್ಕೆ ತಕ್ಕ ರಿಯಾಯಿತಿ) ಕಳೆದ ಮೇಲೂ ಡಬಲ್ ಬೋಗಿ (ಪಾರ್‌ಗಿಂತ ಎರಡು ಹೆಚ್ಚು) ಎಂದಾದರೆ ಆ ಹೋಲ್‌ನಲ್ಲಿ ಸೊನ್ನೆ ಅಂಕ, ಚೆಂಡು ಎತ್ತಿ ಜೇಬಿಗೆ ಹಾಕಿಕೊಳ್ಳುವುದೇ ಸರಿ. ಸೊನ್ನೆಗಾಗಿ ಒಂಬತ್ತನೇ ಹೊಡೆತಕ್ಕೆ ಚೆಂಡು ಉರುಳುವ ದಾರಿ ಅಳೆಯುವವರನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ಟಿವಿಯ ಪ್ರಭಾವವೂ ಇಲ್ಲದಿಲ್ಲ. 2018ರಲ್ಲಿ ಅಮೆರಿಕದ ಟೋರಿ ಪೈನ್ಸ್ ಮೈದಾನದ ಕೊನೆಯ ಹೋಲ್‌ನಲ್ಲಿ ವೃತ್ತಿಪರ ಆಟಗಾರ ಜೆ.ಬಿ. ಹೋಮ್ಸ್ ಒಂದೇ ಹೊಡೆತಕ್ಕೆ ನಾಲ್ಕು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡರು, ಹೊಸದಾಗಿ ಸೇರಿದವರಂತೂ ಅವರನ್ನೇ ಅನುಕರಿಸುತ್ತಾರೆ. ದಂಡವೋ ಯಾರ ಮೇಲೆ ಬಿದ್ದೀತೆಂದು ಹೇಳಲಾಗದು: 2013ರ ಮಾಸ್ಟರ್ಸ್ ಟೂರ್ನಿಯಲ್ಲಿ ಒಂದು ಹೊಡೆತದ ದಂಡ ತೆತ್ತದ್ದು 14 ವರ್ಷದ ಚೀನಾದ ಹುಡುಗ ಗುವಾನ್ ತಿಯಾನ್‌ಲಾಂಗ್. ಮಹಿಳಾ ವೃತ್ತಿಪರ ಗಾಲ್ಫ್ ಸಂಸ್ಥೆ ಎಲ್‌ಪಿಜಿಎ 2025ರಿಂದ ಇದನ್ನು ಬಿಗಿ ಮಾಡಿತು. ಅಧಿಕಾರಿಗಳು ಗಡಿಯಾರ ಹಿಡಿದು ಅಳೆಯುವಾಗ ಮಿತಿಯನ್ನು ಐದು ಸೆಕೆಂಡಿನವರೆಗೆ ಮೀರಿದರೆ ಹಣದ ದಂಡ, ಆರರಿಂದ 15 ಸೆಕೆಂಡಿಗೆ ಒಂದು ಹೊಡೆತ, 16 ಅಥವಾ ಅದಕ್ಕೂ ಹೆಚ್ಚಾದರೆ ಎರಡು. ನಮ್ಮ ಕ್ಲಬ್ ಟೂರ್ನಿಗಳ ಹಾಳೆಯಲ್ಲೂ ನಿಯಮವಿದೆ: ವಿನಾಕಾರಣ ತಡ ಮಾಡಿದರೆ ಮೊದಲ ಸಲ ಒಂದು ಹೊಡೆತ, ಎರಡನೇ ಸಲ ಎರಡು, ಮೂರನೇ ಸಲ ಅನರ್ಹ. ಜಾರಿ ಮಾಡುವವರಿಲ್ಲ. ಸದಸ್ಯರಿಗೆ ಸಲಾಮು ಹೊಡೆಯಬೇಕಾದ ಮಾರ್ಷಲ್ ಅದೇ ಸದಸ್ಯರಿಗೆ ದಂಡ ಹಾಕುವುದುಂಟೇ? ಆದ್ದರಿಂದ ವ್ಯಕ್ತಿಯ ಬದಲು ಗಡಿಯಾರ ಮಾತಾಡಲಿ. 6, 12 ಮತ್ತು 18ನೇ ಹೋಲ್‌ಗಳಲ್ಲಿ ತಲುಪಬೇಕಾದ ಸಮಯವನ್ನು ಸ್ಕೋರ್ ಕಾರ್ಡಿನಲ್ಲೇ ಮುದ್ರಿಸಲಿ. ಆ ಸಮಯವೂ ಮೀರಿ, ಮುಂದಿನ ತಂಡದ ಜೊತೆಗಿನ ಅಂತರವೂ ಟೀ ಟೈಮ್ ಅಂತರಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಆ ತಂಡ ತಡ ಮಾಡಿದಂತೆ. ಎರಡರಲ್ಲಿ ಒಂದೇ ಆಗಿದ್ದರೆ ತಪ್ಪು ಅವರದಲ್ಲ.

ಹಿಂದಿನವರಿಗೆ ದಾರಿ ಬಿಡುವ ವಿಷಯದಲ್ಲೂ ಇದೇ ಅಳತೆ. ಮುಂದೆ ಒಂದು ಹೋಲ್ ಖಾಲಿಯಿದ್ದರೆ ಬದಿಗೆ ಸರಿಯಬೇಕು, ಬೇಸರವಿಲ್ಲದೆ. ಮುಂದೆಯೂ ಸಾಲು ನಿಂತಿದ್ದರೆ ದಾರಿ ಬಿಟ್ಟು ಏನೂ ಸಾಧಿಸಿದಂತಾಗದು. ಒಂಬತ್ತು ಹೋಲ್ ಆದ ಮೇಲಿನ ಚಹಾ, ಆಮ್ಲೆಟ್‌ಗೂ ಹತ್ತು ನಿಮಿಷದ ಮಿತಿಯಿರಲಿ. ಎಂಟನೇ ಹೋಲ್‌ನಿಂದ ಕ್ಯಾಡಿಯ ಮೂಲಕ ಆರ್ಡರ್ ಹೇಳಿ ಕಳಿಸಿದರೆ ಅಷ್ಟು ಸಾಕು.

ಸಮಿತಿಗಳು ಇದನ್ನೆಲ್ಲ ನಂಬಬೇಕಾಗಿಲ್ಲ. ಬರುವ ಭಾನುವಾರ ಮೊದಲ ಪಾರ್ 3ರ ಟೀಯಲ್ಲಿ ಒಬ್ಬರನ್ನು ಗಡಿಯಾರ ಕೊಟ್ಟು ಕೂರಿಸಲಿ. ಪ್ರತಿ ತಂಡ ಟೀಗೆ ಬಂದ ಸಮಯ, ಹೊಡೆದ ಸಮಯ, ಗ್ರೀನ್ ಬಿಟ್ಟ ಸಮಯ ಇಷ್ಟನ್ನೇ ಬರೆದುಕೊಂಡು, ಆ ಹಾಳೆಯನ್ನು ಕ್ಲಬ್ಬಿನ ನೋಟಿಸ್ ಬೋರ್ಡಿನಲ್ಲಿ ಟೀ ಟೈಮ್ ಹಾಳೆಯ ಪಕ್ಕದಲ್ಲಿ ಅಂಟಿಸಲಿ.

ಇತಿ,
ಒಬ್ಬ ಓದುಗ, ಬೆಂಗಳೂರು