ಮಗಳಿಗೊಂದು ಪತ್ರ: ಹನ್ನೊಂದು ಸಾಲಿನ ಲಕ್ಷ್ಮಮ್ಮ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ, "ಅಮ್ಮಾ, ಇವತ್ತು ಕ್ಲಾಸಲ್ಲಿ ಜಾಯಿನ್ ಕಲಿತ್ವಿ. ಎರಡು ಟೇಬಲ್ ಸೇರಿಸೋದು, ಅಷ್ಟೇ. ನೀನು ದಿನವೆಲ್ಲ ಇದನ್ನೇ ಮಾಡೋದಾ?" ಅಂತ ಕೇಳಿದೆ. ಒಲೆ ಮೇಲೆ ಕುಕ್ಕರ್ ಕೂಗುತ್ತಿತ್ತು, ಹೂಂ ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ, ನಿನಗೆ ಸರಿಯಾಗಿ ಹೇಳಬೇಕಿತ್ತು ಅನ್ನಿಸಿತು.

ಹೌದು, ಇದನ್ನೇ ಮಾಡುವುದು. ತೆರಿಗೆ ಇಲಾಖೆಗೆ ನಾಲ್ಕಾರು ಕಡೆಯಿಂದ ಪಟ್ಟಿಗಳು ಬರುತ್ತವೆ. ಅವನ್ನು ಸ್ವಚ್ಛ ಮಾಡಿ, ಒಂದಕ್ಕೊಂದು ಸೇರಿಸಿ, ಅಧಿಕಾರಿಗಳು ನೋಡುವ ಹಾಗೆ ಕೊಡುವುದು ನನ್ನ ಕೆಲಸ. ನೋಟಿಸ್ ಕೊಡುವವಳು ನಾನಲ್ಲ. ಆದರೆ ಯಾರ ಹೆಸರು ಅವರ ಮೇಜಿಗೆ ಹೋಗುತ್ತದೆ ಅನ್ನುವುದು ನನ್ನ ಕೋಡ್ ಮೇಲೆ ನಿಂತಿರುತ್ತದೆ.

ನಿಮ್ಮ ಲ್ಯಾಬಿನ ಟೇಬಲ್‌ನಲ್ಲಿ ಪ್ರತಿ ಸಾಲಿಗೂ ಒಂದು ಐಡಿ ಇರುತ್ತದೆ, ಅಲ್ವಾ? ನಮಗೂ ಇದೆ. ಜಿಎಸ್‌ಟಿ ನಂಬರ್ ಅಂದರೆ 15 ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ 10 ವ್ಯಾಪಾರಿಯ ಪ್ಯಾನ್. ಕೊನೆಯದು ತಾಳೆ ನೋಡುವುದಕ್ಕೆ. ನಡುವೆ ಎಲ್ಲೋ ಒಂದು ಅಕ್ಷರ ತಪ್ಪಾದರೆ ಅದು ಹಿಡಿದುಕೊಡುತ್ತದೆ.

ಈ ನಂಬರ್ ಇದ್ದ ಕಡೆ ಕೆಲಸ ಸಲೀಸು. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಮಾಲು ಸಾಗಿಸಲು ಇ-ವೇ ಬಿಲ್ ಅನ್ನುವ ಆನ್‌ಲೈನ್ ಸಾಗಣೆ ದಾಖಲೆ ಬೇಕು. ಅದನ್ನೂ ವ್ಯಾಪಾರಿ ಕೊಟ್ಟ ರಿಟರ್ನನ್ನೂ, ಅಂದರೆ ಅವರ ತೆರಿಗೆ ಲೆಕ್ಕವನ್ನೂ, ಪಕ್ಕಪಕ್ಕ ಇಟ್ಟರೆ ಏನೇನೋ ಹೊರಬೀಳುತ್ತದೆ. ಇಲ್ಲಿ ಮಾಲು ಹೋಗಿದೆ, ಅಲ್ಲಿ ಮಾರಾಟವೇ ಇಲ್ಲ. ಟನ್‌ಗಟ್ಟಲೆ ಕಬ್ಬಿಣ ಹೊತ್ತ ಗಾಡಿಯ ನಂಬರ್ ಹುಡುಕಿದರೆ, ಅದು ಸ್ಕೂಟರ್! ಮಾಲೇ ಇಲ್ಲದೆ ಬರೀ ಬಿಲ್ಲು ಓಡಾಡಿಸಿ, ಯಾರೂ ಕಟ್ಟದ ತೆರಿಗೆಗೆ ಕ್ರೆಡಿಟ್, ಅಂದರೆ ತಮ್ಮ ತೆರಿಗೆಯಲ್ಲಿ ವಜಾ, ತೆಗೆದುಕೊಳ್ಳುವವರು ಸಿಕ್ಕಿಬೀಳುವುದು ಹೀಗೆ. ಅದು ಸ್ಕೂಲಿಗೆ, ಆಸ್ಪತ್ರೆಗೆ ಹೋಗಬೇಕಾದ ದುಡ್ಡು. ಅಂಥದ್ದೊಂದು ಸಿಕ್ಕ ದಿನ ನಾನು ಖುಷಿಯಾಗಿ ಮನೆಗೆ ಬರುತ್ತೇನೆ.

ಕಷ್ಟ ಇರುವುದು ನಂಬರ್ ಇಲ್ಲದ ಕಡೆ.

ಒಂದು ಚಿಕ್ಕ ಅಂಗಡಿಯಲ್ಲಿ ಮೂರು ಕ್ಯೂಆರ್ ಸ್ಟಿಕ್ಕರ್ ಇರುತ್ತವೆ, ಮೂರೂ ಬೇರೆ ಬೇರೆ ಕಂಪನಿಯವು. ಒಟ್ಟು ಎಷ್ಟು ದುಡ್ಡು ಬಂತು ಅಂತ ತಿಳಿಯಬೇಕಾದರೆ ಮೂರನ್ನೂ ಕೂಡಿಸಬೇಕು. ಪ್ಯಾನ್ ಇದ್ದರೆ ಸರಿ. ಇಲ್ಲದಿದ್ದರೆ? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು, ಪ್ಯಾನ್ ಇಲ್ಲದ ಕಡೆ ಹೆಸರು, ಪಿನ್‌ಕೋಡ್ ಎರಡೂ ಒಂದೇ ಇದ್ದರೆ ಒಬ್ಬರೇ ಅಂತ ಬರೆದೆ. ನಮ್ಮ ಹೆಸರುಗಳ ಕಥೆ ನಿನಗೆ ಗೊತ್ತಲ್ಲ. ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಲಕ್ಷ್ಮಿಗೆ ಒಬ್ಬರು ಇಂಗ್ಲಿಷಿನ ‘ಕೆಎಸ್‌ಎಚ್’ ಹಾಕಿದರೆ ಇನ್ನೊಬ್ಬರು ‘ಎಕ್ಸ್’ ಹಾಕುತ್ತಾರೆ. ಅದಕ್ಕೆ ಇನಿಶಿಯಲ್ ತೆಗೆದು, ಸ್ಪೆಲಿಂಗನ್ನೂ ಒಂದೇ ಮಾಡಿದೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ.

ಪಟ್ಟಿ ಕಳಿಸುವ ಹಿಂದಿನ ಸಂಜೆ, ಮೇಲಿನ ಕೆಲವು ಹೆಸರು ಸುಮ್ನೆ ತೆರೆದು ನೋಡಿದೆ. ಒಬ್ಬ ಲಕ್ಷ್ಮಮ್ಮ. ಹನ್ನೊಂದು ಸಾಲು. ಒಂದರಲ್ಲಿ ಹಾಲಿನ ಬೂತ್, ಇನ್ನೊಂದರಲ್ಲಿ ಟೈಲರಿಂಗ್, ಮತ್ತೆ ಮೂರರಲ್ಲಿ ಹೂವು. ಒಬ್ಬಳೇ ಹೆಂಗಸು ಬೆಳಗಿನ ಜಾವ ಹಾಲು ಮಾರಿ, ದಿನವಿಡೀ ಬ್ಲೌಸ್ ಹೊಲಿದು, ಮೂರು ಕಡೆ ಹೂವು ಕಟ್ಟುತ್ತಾಳಾ? ಒಂದೇ ಪಿನ್‌ಕೋಡಿನ ನಾಲ್ಕೈದು ಲಕ್ಷ್ಮಮ್ಮಂದಿರನ್ನು ನಾನು ಒಬ್ಬಳನ್ನಾಗಿ ಮಾಡಿದ್ದೆ. ಅವರಲ್ಲಿ ಯಾರೊಬ್ಬರೂ ಜಿಎಸ್‌ಟಿ ನೋಂದಣಿಯ ಮಿತಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಕೂಡಿಸಿದಾಗ ದಾಟಿತ್ತು.

ಕೈ ತಣ್ಣಗಾಯಿತು ಪುಟ್ಟಿ. ಆ ರಾತ್ರಿಯೇ ಕೂತು ಹೆಸರಿನಿಂದ ಸೇರಿಸುವ ಭಾಗ ಪೂರ್ತಿ ತೆಗೆದೆ. ಪ್ಯಾನ್ ಇಲ್ಲದ ಸಾಲುಗಳು ಈಗ ಬೇರೆ ಪಟ್ಟಿಗೆ ಹೋಗುತ್ತವೆ, ಯಾರಾದರೂ ಕಣ್ಣಿಂದ ನೋಡುವವರೆಗೆ ಅಲ್ಲೇ ಇರುತ್ತವೆ. ಪಟ್ಟಿ ಯಾಕೆ ಚಿಕ್ಕದಾಯಿತು ಅಂತ ಅಧಿಕಾರಿಗಳು ಕೇಳಿದರು. ನಡೆದದ್ದನ್ನೇ ಹೇಳಿದೆ.

2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕದ ಮೇಲೆ ಚಿಕ್ಕ ವ್ಯಾಪಾರಿಗಳಿಗೆ ನೋಟಿಸ್ ಹೋದಾಗ ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನುವ ಬೋರ್ಡ್ ಬಿತ್ತು. ನಮ್ಮ ರಸ್ತೆಯ ಬೇಕರಿಯವರು ಗಾಜಿನ ಮೇಲಿದ್ದ ಸ್ಟಿಕ್ಕರನ್ನು ಚಾಕುವಿನಿಂದ ಕೆರೆದಿದ್ದರು. ಅಂಟಿನ ಬಿಳಿ ಚೌಕ ಹಾಗೇ ಉಳಿದಿತ್ತು. ಬ್ರೆಡ್ ಕೊಡುತ್ತಾ, "ಅಕ್ಕಾ, ನೀವು ಆ ಕೆಲಸದವರಲ್ವಾ? ಚೀಟಿ ದುಡ್ಡೂ ಇದಕ್ಕೇ ಬರುತ್ತೆ, ಅದೂ ವ್ಯಾಪಾರನಾ?" ಅಂದರು. ಅಲ್ಲ ಅಂದೆ. ಸರಕು ಮಾರಿದ್ದು ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು, ಹಾಲು, ತರಕಾರಿ ಮಾತ್ರ ಮಾರುವವರಿಗೆ ಬೇಡ, ಚೀಟಿ ದುಡ್ಡು, ಕೈಸಾಲ ಮಾರಾಟವಲ್ಲ ಅಂತ ನಿಂತು ವಿವರಿಸಿದೆ. ಅವರು ತಲೆಯಾಡಿಸಿದರು. ಆದರೆ ನನಗೆ ಗೊತ್ತು, ಫೈಲಿನಲ್ಲಿ ಬರುವುದು ಬರೀ ಮೊತ್ತ. ಚೀಟಿ ದುಡ್ಡೋ ಬನ್ ಮಾರಿದ್ದೋ ಅಂತ ಬರೆಯಲು ಅಲ್ಲಿ ಕಾಲಮ್ಮೇ ಇಲ್ಲ. ಅದನ್ನು ಅವರ ಬಾಯಿಂದಲೇ ಕೇಳಬೇಕು.

ನಿನ್ನ ಅಸೈನ್‌ಮೆಂಟ್‌ಗೆ ಒಂದು ಮಾತು. ಜಾಯಿನ್ ಮಾಡುವ ಮುಂಚೆ ಎಷ್ಟು ಸಾಲು, ಆಮೇಲೆ ಎಷ್ಟು ಅಂತ ಎಣಿಸು. ಜಾಸ್ತಿಯಾಗಿದ್ದರೂ ನೋಡು, ಕಡಿಮೆಯಾಗಿದ್ದರೂ ನೋಡು. ಇನ್ನೊಂದು, ನಲ್ (ಏನೂ ತುಂಬದ ಜಾಗ) ಇನ್ನೊಂದು ನಲ್‌ಗೆ ಸೇರುವುದಿಲ್ಲ ಅಂತ ಮೇಡಂ ಹೇಳಿರುತ್ತಾರೆ. ಖಾಲಿ ಸ್ಟ್ರಿಂಗ್, ಅಂದರೆ ಒಂದೂ ಅಕ್ಷರವಿಲ್ಲದ ಪಠ್ಯ, ಮಾತ್ರ ಇನ್ನೊಂದು ಖಾಲಿ ಸ್ಟ್ರಿಂಗಿಗೆ ಸೇರಿಬಿಡುತ್ತದೆ, ಹುಷಾರು.

ನಾಡಿದ್ದು 20ನೇ ತಾರೀಖು, ತಿಂಗಳ ರಿಟರ್ನ್ ಸಲ್ಲಿಸುವ ಕೊನೆಯ ದಿನ. ಅವತ್ತು ಬರುವುದು ತಡವಾಗುತ್ತದೆ. 21ಕ್ಕೆ ಫೋನ್ ಮಾಡು, ಊಟದ ಹೊತ್ತಿಗೆ.

ಇಂತಿ ನಿನ್ನ,
ಅಮ್ಮ