ನೌರುವಿನ ಮಾನ್ಯತೆ: ಮಾರಿದವರು ಮಾತ್ರ ತಪ್ಪಿತಸ್ಥರೇ?

ಮಾನ್ಯ ಸಂಪಾದಕರೇ,

ಪೆಸಿಫಿಕ್ ಸಾಗರದ ಪುಟ್ಟ ದೇಶಗಳು ಹೆಚ್ಚು ಹಣ ಕೊಟ್ಟವರ ಕಡೆಗೆ ವಾಲುತ್ತವೆ ಎಂಬ ವರದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಮೊದಲು ಕೇಳಿಬರುವ ಹೆಸರು ನೌರುವಿನದು. ತೈವಾನ್ ತನ್ನದೇ ಭಾಗವೆಂದು ಚೀನಾ ಹೇಳುವುದರಿಂದ ಬೇರೆ ದೇಶಗಳು ಇವೆರಡರಲ್ಲಿ ಒಂದಕ್ಕೆ ಮಾತ್ರ ಮಾನ್ಯತೆ ಕೊಡುತ್ತವೆ. 1980ರಲ್ಲಿ ತೈವಾನ್ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿದ ಈ ದೇಶ 2002ರಲ್ಲಿ ಚೀನಾದ ಕಡೆ ಹೋಯಿತು, 2005ರಲ್ಲಿ ತೈವಾನ್‌ಗೆ ಮರಳಿತು, 2024ರ ಜನವರಿಯಲ್ಲಿ, ತೈವಾನಿನ ಅಧ್ಯಕ್ಷೀಯ ಚುನಾವಣೆ ಮುಗಿದ ಎರಡೇ ದಿನಕ್ಕೆ, ಮತ್ತೆ ಚೀನಾಕ್ಕೆ ಮಾನ್ಯತೆ ನೀಡಿತು. ಇದನ್ನು ಕಂಡು ನಗುವುದು ಸುಲಭ. ಆದರೆ ಆ ನಗುವಿನಲ್ಲಿ ಅರ್ಧ ಇತಿಹಾಸ ಮರೆತುಹೋಗುತ್ತದೆ.

ನೌರುವಿನ ವಿಸ್ತೀರ್ಣ 21 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 12 ಸಾವಿರ. 1968ರಲ್ಲಿ ಸ್ವತಂತ್ರವಾಗುವುದಕ್ಕೆ ಮೊದಲು ಸುಮಾರು ಆರು ದಶಕಗಳ ಕಾಲ ಅಲ್ಲಿನ ಫಾಸ್ಫೇಟನ್ನು ಪರರು ಅಗೆದು, ಮುಖ್ಯವಾಗಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ಹೊಲಗಳಿಗೆ ಗೊಬ್ಬರವಾಗಿ ಸಾಗಿಸಿದರು. ಹಾಗೆ ಅಗೆದು ಬಿಟ್ಟ ನೆಲವನ್ನು ಸರಿಪಡಿಸುವ ಹೊಣೆ ಯಾರದೆಂದು ಕೇಳಿ 1989ರಲ್ಲಿ ನೌರು ಆಸ್ಟ್ರೇಲಿಯಾದ ವಿರುದ್ಧ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. ಆಗ ಅದಿನ್ನೂ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವೂ ಆಗಿರಲಿಲ್ಲ. ಆ ಸದಸ್ಯತ್ವ ದೊರೆತದ್ದು 1999ರಲ್ಲಿ. ಮೊಕದ್ದಮೆ ನಡೆಸಲು ತನಗೆ ಅಧಿಕಾರವಿದೆ ಎಂದು ನ್ಯಾಯಾಲಯ 1992ರಲ್ಲಿ ಹೇಳಿದ ಮರುವರ್ಷವೇ ಆಸ್ಟ್ರೇಲಿಯಾ ಪರಿಹಾರ ಕೊಟ್ಟು ರಾಜಿಗೆ ಬಂತು. ಇಷ್ಟು ಚಿಕ್ಕ ದೇಶದ ವಿದೇಶಾಂಗ ನೀತಿಯಲ್ಲಿ ಇದಕ್ಕಿಂತ ದೊಡ್ಡ ಗೆಲುವು ನನಗಂತೂ ಕಾಣದು.

ಸ್ವಾತಂತ್ರ್ಯಾನಂತರದ ಫಾಸ್ಫೇಟ್ ಹಣವನ್ನು ನೌರುವಿನ ಆಳುವವರೇ ಪೋಲು ಮಾಡಿದರೆಂಬುದೂ ಸುಳ್ಳಲ್ಲ. ಮೆಲ್ಬರ್ನ್‌ನಲ್ಲಿ ಕಟ್ಟಿಸಿದ್ದ 52 ಮಹಡಿಗಳ ಕಟ್ಟಡ 2004ರಲ್ಲಿ ಮಾರಾಟವಾಯಿತು. ಹೊರದೇಶಗಳಲ್ಲಿ ಬೆರಳೆಣಿಕೆಯಷ್ಟು ಕಚೇರಿಗಳನ್ನು ಇಟ್ಟುಕೊಂಡಿರುವ ಈ ದೇಶಕ್ಕೆ ಉಳಿದಿರುವ ಬಂಡವಾಳವೆಂದರೆ ಸಾರ್ವಭೌಮತ್ವ, ಜೊತೆಗೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಚೀನಾಕ್ಕೂ ಭಾರತಕ್ಕೂ ಇರುವಷ್ಟೇ ತೂಕದ ಒಂದು ಮತ.

ಅದನ್ನು ಕೊಳ್ಳಲು ಬರುವವರು ಬಡವರಲ್ಲ. ನೌರು ಚೀನಾದ ಕಡೆ ಹೋದ ವರ್ಷವೇ, 2024ರ ಡಿಸೆಂಬರ್‌ನಲ್ಲಿ, ಅದರೊಂದಿಗೆ ಒಪ್ಪಂದ ಮಾಡಿಕೊಂಡ ಆಸ್ಟ್ರೇಲಿಯಾ ಐದು ವರ್ಷಗಳಲ್ಲಿ 10 ಕೋಟಿ ಆಸ್ಟ್ರೇಲಿಯನ್ ಡಾಲರ್ ಬಜೆಟ್ ನೆರವು ಕೊಡಲು ಒಪ್ಪಿತು. ಪ್ರತಿಯಾಗಿ ಭದ್ರತೆ, ಬ್ಯಾಂಕಿಂಗ್, ದೂರಸಂಪರ್ಕ ಕ್ಷೇತ್ರಗಳಲ್ಲಿ ಮೂರನೆಯ ದೇಶ ಕಾಲಿಡಬೇಕಾದರೆ ತನ್ನ ಸಮ್ಮತಿಯೂ ಬೇಕೆಂಬ ಷರತ್ತನ್ನು ಪಡೆದುಕೊಂಡಿತು. ಇದನ್ನು ಸಹಕಾರವೆಂದೂ, ನೌರು ಪಡೆದ ಹಣವನ್ನು ಮಾತ್ರ ಲಾಲಸೆಯೆಂದೂ ಕರೆಯುವುದು ನ್ಯಾಯವಲ್ಲ.

ಭಾರತಕ್ಕೆ ಸಂಬಂಧಿಸಿದಂತೆ ನೌರುವಿನ ವ್ಯವಹಾರವನ್ನು ಫಿಜಿಯ ಸುವಾದಲ್ಲಿರುವ ನಮ್ಮ ಹೈಕಮಿಷನ್ ನೋಡಿಕೊಳ್ಳುತ್ತದೆ. ಪೆಸಿಫಿಕ್ ದ್ವೀಪ ರಾಷ್ಟ್ರಗಳೊಂದಿಗೆ 2014ರಿಂದ ಶೃಂಗಸಭೆ ನಡೆಸುತ್ತಿರುವ ದೇಶದ ಓದುಗರಿಗೆ ಈ ದ್ವೀಪಗಳ ಸುದ್ದಿ ಬರೀ ಕುತೂಹಲದ ತುಣುಕಾಗಿ ಸಿಕ್ಕರೆ ಸಾಲದು. ಮುಂದೆ ಇಂಥ ವರದಿ ಪ್ರಕಟಿಸುವಾಗ ಹಣ ಪಡೆದವರ ಜೊತೆಗೆ ಕೊಟ್ಟವರ ಉದ್ದೇಶವನ್ನೂ ನಾಲ್ಕು ಸಾಲಿನಲ್ಲಿ ವಿವರಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಭೂಗೋಳ ಉಪನ್ಯಾಸಕ, ಶಿವಮೊಗ್ಗ