ಒಂಬತ್ತನೇ ಪುಟದ ಬಗ್ಗೆ

ಹಾಸನ

ಪ್ರೀತಿಯ ತಂಗಿ,

ನಿನ್ನ ಕಾಮಿಕ್ಸ್ ಪುಟಗಳನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಬೆಳಗಿನ ಮಂಜಿನಲ್ಲಿ ಕಾಡಾನೆ ಕಾಫಿ ಕಣ ದಾಟುವ ನಾಲ್ಕನೇ ಪುಟದಲ್ಲಿ ಒಂದು ಮಾತೂ ಇಲ್ಲ. ಆದರೂ ಎದೆ ಢವಢವ ಎಂದಿತು. ಸಕಲೇಶಪುರದ ತೋಟದಲ್ಲಿ ಬೆಳೆದವಳಿಗೆ ಅಂಥದ್ದು ಕಾಣುತ್ತದೆ.

ಜೊತೆಗಿದ್ದ ಚೀಟಿಯಲ್ಲಿ ಕೇಳಿದ್ದೀಯ: "ಸೂಪರ್‌ಹೀರೋ ಕಥೆಯಲ್ಲಿ ರಾಜಕೀಯ ಬೇಡ ಅಂತಾರೆ ಗೆಳೆಯರು. ಮುಷ್ಕರದ ಭಾಗ ತೆಗೆದುಬಿಡಲಾ?" ತೆಗೆಯಬೇಡ.

ಕ್ಯಾಪ್ಟನ್ ಅಮೆರಿಕ ತನ್ನ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದುತ್ತಾನೆ. ಆ ಸಂಚಿಕೆಯ ಮೇಲಿದ್ದ ತಿಂಗಳು 1941ರ ಮಾರ್ಚ್. ಅಮೆರಿಕ ಯುದ್ಧಕ್ಕೆ ಇಳಿದದ್ದು ಆ ಡಿಸೆಂಬರಿನಲ್ಲಿ. ಅವನನ್ನು ಸೃಷ್ಟಿಸಿದ ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯಹೂದಿ ಮನೆಯ ಹುಡುಗರು. ಬೆದರಿಕೆ ಪತ್ರಗಳು ಬಂದವು. ಆದರೂ ತಾವು ಯಾರ ಕಡೆ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. ನನಗೆ ಅದು ತುಂಬಾ ಇಷ್ಟ.

ಅದೇ ಯುದ್ಧದ ಕಾಲದ ಕಾಮಿಕ್ಸ್‌ಗಳಲ್ಲಿ ಜಪಾನೀಯರನ್ನು ಹೇಗೆ ಬಿಡಿಸಿದರು ನೋಡು. ಹಳದಿ ಬಣ್ಣ, ಕೋರೆಹಲ್ಲು, ಎಲ್ಲರಿಗೂ ಒಂದೇ ಮುಖ. ಆ ಹೊತ್ತಿಗೆ ಅಮೆರಿಕದಲ್ಲೇ ಬಾಳುತ್ತಿದ್ದ ಸುಮಾರು 1,20,000 ಜಪಾನಿ ಮೂಲದವರನ್ನು ಅಲ್ಲಿನ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತ್ತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಕಾಮಿಕ್ಸ್ ಓದುವ ವಯಸ್ಸಿನ ಮಕ್ಕಳೂ ಅವರೊಳಗಿದ್ದರು, ಅಲ್ವಾ? ಹಿಟ್ಲರನಿಗೆ ಬಿದ್ದ ಗುದ್ದು ಒಬ್ಬ ಮನುಷ್ಯನಿಗೆ ಬಿದ್ದದ್ದು. ಈ ಕೋರೆಹಲ್ಲು ಆ ಮಕ್ಕಳ ಬಾಯಿಗೂ ಅಂಟಿತು.

ಈಗ ನಿನ್ನ ಒಂಬತ್ತನೇ ಪುಟ. ಖಳನಾಯಕ ಲೈನ್ ಮನೆಯವರನ್ನು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೂಲಿಯವರನ್ನು, ಎತ್ತಿಕಟ್ಟುತ್ತಾನೆ. ಅವರು ಕೊಯ್ಲು ನಿಲ್ಲಿಸುತ್ತಾರೆ. ನಿನ್ನ ಹೀರೋ ಹಾರಿ ಬಂದು ಮುಷ್ಕರ ಮುರಿಯುತ್ತಾನೆ. ತೋಟದ ಸಾಹುಕಾರರ ನಾಯಿಗೂ ನೀನು ಹೆಸರಿಟ್ಟಿದ್ದೀಯ. ಹಣ್ಣು ಕೊಯ್ಯುವ ಇಪ್ಪತ್ತು ಜನರಿಗೆ ಹೆಸರಿಲ್ಲ, ಕಣ್ಣು ಮೂಗು ಕೂಡ ಇಲ್ಲ. ಬೇಕಂತ ಮಾಡಿಲ್ಲ, ಗೊತ್ತು. ನಿಮ್ಮ ಮನೆ ಜಗಲಿಯಿಂದ ಅವರು ಹಾಗೇ ಕಂಡಿರುತ್ತಾರೆ, ದೂರದಲ್ಲಿ, ಗಿಡಗಳ ನಡುವೆ. ಪಾತ್ರಗಳ ಮಾತಿಗಿಂತ ಇಂಥ ಕಡೆಯೇ ಪಕ್ಷಪಾತ ಜಾಸ್ತಿ ಕೂತಿರುತ್ತದೆ.

ನಾನೂ ಹೀಗೆ ಮಾಡಿದ್ದೇನೆ. ಹಿಂದೆ ಮಕ್ಕಳಿಗೊಂದು ಚಿತ್ರಕಥೆ ಬರೆದಾಗ ಕಳ್ಳನಿಗೆ ಕಂಬಳಿ ಕೊಪ್ಪೆ ಹಾಕಿಸಿದ್ದೆ. ಮಳೆಗಾಲದ ರಾತ್ರಿ, ಚಿತ್ರ ಚೆನ್ನಾಗಿ ಕಾಣುತ್ತದೆ ಅಂತ. ಒಂದು ಶಾಲೆಯಲ್ಲಿ ಓದಿ ಹೇಳಿದಾಗ ಒಬ್ಬ ಹುಡುಗ ಮೆಲ್ಲಗೆ, "ನಮ್ಮಪ್ಪನೂ ಕೊಪ್ಪೆ ಹಾಕ್ತಾರೆ" ಅಂದ. ಅಷ್ಟೇ ಅಂದದ್ದು. ಆಮೇಲೆ ಅವನು ತಲೆ ಎತ್ತಲಿಲ್ಲ. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಇನ್ನು ಹದಿನಾಲ್ಕನೇ ಪುಟದ ಭಾಷಣ. ಹೊಡೆದುಹಾಕು, ಹೇಳಬೇಕಾದ್ದನ್ನು ಕಥೆಯಲ್ಲಿ ನಡೆಯುವುದರಲ್ಲೇ ತೋರಿಸು. ಸೂಪರ್‌ಮ್ಯಾನ್ ಶುರುವಾದ 1938ರಲ್ಲೇ ಒಂದು ಗಣಿಯ ಕಥೆ ಬಂತು. ಕಾರ್ಮಿಕರ ಜೀವದ ಬಗ್ಗೆ ಮಾಲೀಕನಿಗೆ ಕಾಳಜಿ ಇಲ್ಲ. ಸೂಪರ್‌ಮ್ಯಾನ್ ಏನು ಮಾಡುತ್ತಾನೆ ಗೊತ್ತಾ? ಪಾರ್ಟಿ ಮಾಡುತ್ತಿದ್ದ ಮಾಲೀಕನೂ ಅವನ ಅತಿಥಿಗಳೂ ಗಣಿಯೊಳಗೆ ಸಿಕ್ಕಿಕೊಳ್ಳುವ ಹಾಗೆ ಮಾಡುತ್ತಾನೆ. ಒಳ್ಳೊಳ್ಳೆ ಬಟ್ಟೆ ತೊಟ್ಟವರು ತಾವೇ ಅಗೆಯಬೇಕಾಗುತ್ತದೆ. ಮೈಗೆ ಆಯಾಸ ತಟ್ಟಿದ ಮೇಲೆ ಮಾಲೀಕನ ಮಾತು ಬದಲಾಗುತ್ತದೆ. ಬರೆದವರು ಯಾರ ಕಡೆ ಅಂತ ಓದುವ ಮಗುವಿಗೂ ತಿಳಿಯುತ್ತದೆ.

ಹಾಗಂತ ಸಾಹುಕಾರರನ್ನು ಸುಮ್ನೆ ರಾಕ್ಷಸ ಮಾಡಬೇಡ. ಕಾಫಿ ಬೆಲೆ ಬಿದ್ದ ವರ್ಷ ನಿಮ್ಮ ಮನೆಯಲ್ಲಿ ಎಲ್ಲರೂ ಹೇಗಿದ್ದರು ಅನ್ನುವುದು ನಿನಗೇ ಗೊತ್ತು. ಅದನ್ನೂ ತಾ. ನಿನ್ನ ಹೀರೋ ಕೊನೆಗೆ ಯಾರ ಪಕ್ಕ ನಿಲ್ಲುತ್ತಾನೆ ಅನ್ನುವುದು ನಿನಗೆ ಬಿಟ್ಟದ್ದು, ನಾನು ಹೇಳುವುದಿಲ್ಲ. ಅದಕ್ಕೆ ಮೊದಲು ಒಂದು ದಿನ ಬೆಳಗ್ಗೆ ಮೇಸ್ತ್ರಿ ಹಾಜರಿ ಕೂಗುವ ಹೊತ್ತಿಗೆ ಲೈನ್ ಹತ್ತಿರ ಹೋಗಿ ನಿಲ್ಲು. ಹೆಸರುಗಳನ್ನು ಕೇಳಿಸಿಕೋ. ಯಾರು ಯಾವ ಊರಿಂದ ಬಂದರು, ಕೊಯ್ಯುವಾಗ ಮಗುವನ್ನು ಎಲ್ಲಿ ಮಲಗಿಸುತ್ತಾರೆ ಅಂತ ಕೇಳು.

ಕೊಯ್ಲು ಮುಗಿಯುವುದರೊಳಗೆ ಒಂಬತ್ತನೇ ಪುಟ ಮತ್ತೆ ಬಿಡಿಸಿ ಕಳಿಸು. ಆನೆಯ ಪುಟ ಮುಟ್ಟಬೇಡ.

ನಿನ್ನ ಅಕ್ಕ